ಮದ್ದು ಇದೆ, ಮರ ಎತ್ತರವಿದೆ
ಕೊಳೆರೋಗದ ಹತೋಟಿಯೂ ನಮ್ಮ ಸಲಕರಣೆಗಳ ಮಿತಿಯೂ

ಅಡಿಕೆಯ ಕೊಳೆರೋಗಕ್ಕೆ ಮದ್ದಿಲ್ಲವೆಂದು ಯಾರೂ ಹೇಳುವಂತಿಲ್ಲ. ಮೈಲುತುತ್ತ, ಸುಣ್ಣ, ನೀರು ಈ ಮೂರೇ ಸಾಮಗ್ರಿಗಳಿಂದ ಮನೆಯಂಗಳದಲ್ಲಿ ತಯಾರಾಗುವ ಬೋರ್ಡೋ ದ್ರಾವಣವು ನಮ್ಮ ಸೀಮೆಗೆ ಪರಿಚಯವಾಗಿ ನೂರು ವರ್ಷಗಳು ಮೀರಿದವು. ಹದವಾಗಿ ಕೂಡಿಸಿ, ಸಕಾಲಕ್ಕೆ, ಗೊನೆಯ ತುಂಬ ಹೊಡೆದರೆ ಅದು ಕೆಲಸ ಮಾಡುತ್ತದೆಂಬುದರಲ್ಲಿ ಬೆಳೆಗಾರರಿಗೆ ಸಂಶಯವಿಲ್ಲ. ಆದರೂ 2013ರ ಮಳೆಗಾಲದಲ್ಲಿ, ಪುನಃ 2018ರಲ್ಲಿ, ಮಲೆನಾಡು ಕರಾವಳಿಗಳೆರಡರಲ್ಲೂ ಮರದ ಬುಡದಲ್ಲಿ ಕೊಳೆತ ಎಳೆಗಾಯಿಗಳ ರಾಶಿಯನ್ನು ನೋಡಬೇಕಾಯಿತು. ಆ ವರ್ಷಗಳಲ್ಲಿ ಮೈಲುತುತ್ತಕ್ಕೆ ಬರ ಬಂದಿರಲಿಲ್ಲ. ಮದ್ದನ್ನು ಗೊನೆಯ ತನಕ ಮುಟ್ಟಿಸುವ ದಾರಿ ಮಾತ್ರ ಮಳೆಯಿಂದ ಮುಚ್ಚಿಹೋಗಿತ್ತು.

ಯಾವುದೇ ವಿದ್ಯೆಯ ಶಕ್ತಿಯನ್ನು ಅಳೆಯುವಾಗ ಅದು ಏನು ಮಾಡಬಲ್ಲುದು ಎಂದು ಕೇಳುವುದು ವಾಡಿಕೆ. ಅದು ಎಲ್ಲಿಗೆ ನಿಲ್ಲುತ್ತದೆ ಎಂದು ಕೇಳುವವರು ಕಡಿಮೆ. ಆದರೆ ತೋಟಗಾರನಿಗೆ ನಷ್ಟವಾಗುವುದು ಅದು ನಿಂತ ಜಾಗದಲ್ಲಿಯೇ. ಆದುದರಿಂದ ಈ ಮಳೆಗಾಲದ ಸಿದ್ಧತೆಗೆ ಮೊದಲು ನಮ್ಮ ಸಲಕರಣೆಗಳ ಎಲ್ಲೆ ಎಲ್ಲೆಲ್ಲಿದೆಯೆಂದು ನೋಡಿಕೊಳ್ಳುವುದು ಒಳ್ಳೆಯದು.

ಎದೆಮಟ್ಟದ ಬಳ್ಳಿಗೆ ಹುಟ್ಟಿದ ಮದ್ದು

ಬೋರ್ಡೋ ದ್ರಾವಣದ ತವರು ಫ್ರಾನ್ಸ್ ದೇಶದ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳು. ದಾರಿಹೋಕರು ಹಣ್ಣಿಗೆ ಕೈ ಹಾಕದಿರಲೆಂದು ಅಲ್ಲಿಯ ಬೆಳೆಗಾರರು ರಸ್ತೆಯ ಬದಿಯ ಬಳ್ಳಿಗಳಿಗೆ ಮೈಲುತುತ್ತ ಸುಣ್ಣಗಳ ಮಿಶ್ರಣವನ್ನು ಎರಚುತ್ತಿದ್ದರು. ತೋಟದ ಒಳಗಿನ ಬಳ್ಳಿಗಳು ಬೂಜು ರೋಗದಿಂದ ಎಲೆ ಉದುರಿಸಿಕೊಂಡರೂ ಹೀಗೆ ಎರಚಿದ ಬಳ್ಳಿಗಳು ಹಸಿರಾಗಿ ಉಳಿದದ್ದನ್ನು 1882ರಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿದರು. ಪರೀಕ್ಷೆಗಳನ್ನು ನಡೆಸಿ 1885ರಲ್ಲಿ ಅದನ್ನು ಪ್ರಕಟಪಡಿಸಿದರು.

ನಮ್ಮಲ್ಲಿಗೆ ಅದು ಬಂದದ್ದು ಡಾ. ಲೆಸ್ಲಿ ಕೋಲ್ಮನ್ ಅವರಿಂದ. ಕೆನಡಾ ದೇಶದವರಾದ ಇವರು 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿ, ಮಲೆನಾಡಿನ ಕೊಳೆರೋಗವನ್ನು ಅಭ್ಯಸಿಸಿ, ಅದು ಫೈಟಾಫ್ತೊರ ಎಂಬ ರೋಗಾಣುವಿನಿಂದ ಬರುತ್ತದೆಂದು 1910ರ ತಮ್ಮ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾದದ್ದೂ ಅವರ ಕಾಲದಲ್ಲಿಯೇ. ಅಡಿಕೆ ಕಾಫಿಗಳೆರಡೂ ಅವರಿಗೆ ಋಣಿ.

ಆದರೆ ದ್ರಾಕ್ಷಿಯ ಬಳ್ಳಿ ಮನುಷ್ಯನ ಎದೆಮಟ್ಟದ್ದು. ನೆಲದ ಮೇಲೆ ನಿಂತು ಎಲೆ ಎಲೆಗೂ ಮದ್ದು ಹೊಡೆಯಬಹುದು. ಅದೇ ಮದ್ದು ನಮ್ಮಲ್ಲಿ ಏರಬೇಕಾದದ್ದು ನಲವತ್ತು, ಐವತ್ತು, ಅರವತ್ತು ಅಡಿ. ಹತ್ತುವ ಕಾಂಡ ಒಂದು ಹಿಡಿಯಷ್ಟು ದಪ್ಪ, ಮಳೆಗೆ ಪಾಚಿಗಟ್ಟಿ ಜಾರುವಂಥದು. ರೋಗಶಾಸ್ತ್ರದ ಪ್ರಶ್ನೆ 1910ರಲ್ಲಿಯೇ ಬಹುಮಟ್ಟಿಗೆ ತೀರಿತು. ಎತ್ತರದ ಪ್ರಶ್ನೆ ಈಗಲೂ ಉಳಿದಿದೆ.

ಕೊಟ್ಟೆಯಿಂದ ಪಂಪಿನ ತನಕ

ಬೋರ್ಡೋ ಬರುವುದಕ್ಕೆ ಮುಂಚೆ ನಮ್ಮ ಹಿರಿಯರು ಸುಮ್ಮನೆ ಕೂತಿರಲಿಲ್ಲ. ಅಡಿಕೆ ಹಾಳೆಯಿಂದಲೋ ಕರಡದಿಂದಲೋ ಕೊಟ್ಟೆ ಮಾಡಿ ಗೊನೆಗೆ ಕಟ್ಟಿ ಮಳೆಯಿಂದ ಮರೆ ಮಾಡುತ್ತಿದ್ದರು. ಸರಿಯಾಗಿ ಕಟ್ಟಿದ ಕೊಟ್ಟೆಯನ್ನು ಮಳೆ ತೊಳೆದುಕೊಂಡು ಹೋಗುವಂತಿರಲಿಲ್ಲ, ಇದು ಅದರ ದೊಡ್ಡ ಗುಣ. ಆದರೆ ಕೊಟ್ಟೆ ಹೆಣೆಯಲು ಬೇಸಿಗೆಯೆಲ್ಲ ಬೇಕು, ಗೊನೆಗೊಂದರಂತೆ ಕಟ್ಟಬೇಕು, ಗಾಳಿಗೆ ಸಡಿಲವಾದರೆ ಪುನಃ ಹತ್ತಬೇಕು. ಅನಂತರ ಬಂದ ಪ್ಲಾಸ್ಟಿಕ್ ಕೊಟ್ಟೆಗಳಿಂದ ಹೆಣೆಯುವ ಶ್ರಮ ಉಳಿಯಿತು, ಹತ್ತುವ ಶ್ರಮ ಉಳಿಯಲಿಲ್ಲ.

ಸಿಂಪಡಣೆಯಿಂದ ಕೆಲಸ ಬೇಗವಾಯಿತು. ಕೆಳಗೆ ಒಬ್ಬನು ಪಂಪು ಒತ್ತಿದರೆ ಮೇಲೆ ಕೊನೆಗಾರನು ಗೊನೆಗೆ ಮದ್ದು ಹೊಡೆಯುವನು. ಶಿರಸಿ ಸೀಮೆಯವರು ಕೊನೆಗೌಡನೆನ್ನುವ ಇವನು ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಬಾಗಿ ದಾಟುತ್ತಾನೆ. ನೆಲಕ್ಕಿಳಿಯದೆ ಹತ್ತಾರು ಮರ ಮುಗಿಸುವ ಈ ವಿದ್ಯೆಯೇ ನಮ್ಮ ಅಡಿಕೆ ಬೇಸಾಯದ ಅಡಿಗಲ್ಲಾಗಿತ್ತು. ಇದನ್ನು ನಾವು ಯಂತ್ರವೆಂದು ಎಣಿಸಲಿಲ್ಲ, ಆದುದರಿಂದ ಅದರ ಮಿತಿಯನ್ನೂ ಎಣಿಸಲಿಲ್ಲ. ಅದರ ಮಿತಿ ಒಂದು ಮನುಷ್ಯ ದೇಹದ ಮಿತಿ. ಕೈಕಾಲಿನ ಕಸು ಇರುವಷ್ಟು ವರ್ಷ ಮಾತ್ರ ಅದು ನಡೆಯುವುದು. ಬಿದ್ದರೆ ಒಂದು ಸಂಸಾರವೇ ಬಿದ್ದಂತೆ. ಅಪ್ಪನ ಹಿಂದೆ ಮಗ ತಳೆ ಹಿಡಿಯದಿದ್ದರೆ ಅವನನ್ನು ದೂರುವ ಅಧಿಕಾರ ನಮಗಿಲ್ಲ.

ಪಂಪಿನ ಮಿತಿ ಲೆಕ್ಕಕ್ಕೆ ಸಿಗುವಂಥದು. ನೀರನ್ನು 33 ಅಡಿ ಮೇಲಕ್ಕೆ ಏರಿಸಲು ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ ಖರ್ಚಾಗುತ್ತದೆ. 66 ಅಡಿಗೆ 2 ಕೆ.ಜಿ. ಉದ್ದನೆಯ ಪೈಪಿನ ಒಳಗೆ ಉಜ್ಜಿ ನಷ್ಟವಾಗುವುದು ಬೇರೆ. ಇಷ್ಟೆಲ್ಲ ಕಳೆದು ಉಳಿದ ಒತ್ತಡವೇ ಮದ್ದನ್ನು ಮಂಜಿನಂತೆ ಒಡೆಯಬೇಕು. ಒತ್ತಡ ಸಾಲದಿದ್ದರೆ ಮದ್ದು ಹನಿ ಹನಿಯಾಗಿ ಸುರಿದು ಕಾಯಿಯ ಒಂದು ಮಗ್ಗುಲು ಮಾತ್ರ ತೊಯ್ಯುತ್ತದೆ. ಕೆಳಗಿನ ಮರಗಳಿಗೆ ಚೆನ್ನಾಗಿ ಹೊಡೆದ ಪಂಪು ಎತ್ತರದ ಮರಗಳಿಗೆ ಸಾಲದೆ ಹೋಗುವುದು ಈ ಕಾರಣದಿಂದ. ತಗ್ಗಿನ ತೋಟಕ್ಕೆ ದಂಡೆಯ ಮೇಲಿನಿಂದ ಪೈಪು ಇಳಿಸಿದಲ್ಲಿ ಆ ಇಳಿಜಾರಿನಷ್ಟು ಒತ್ತಡ ಪುಕ್ಕಟೆಯಾಗಿ ಸಿಗುತ್ತದೆ. ಪಂಪು ಇಡುವ ಜಾಗವನ್ನು ಆರಿಸುವಾಗ ಇದನ್ನು ಮರೆಯಬಾರದು.

ಬಿಡುವಿನ ಲೆಕ್ಕ

ಬೋರ್ಡೋ ದ್ರಾವಣದ ಇನ್ನೊಂದು ಮಿತಿ ಕಾಲದ್ದು. ಅದು ಕಾಯಿಯ ಮೇಲೆ ಒಂದು ತೆಳು ಪೊರೆಯಾಗಿ ನಿಂತು ರೋಗಾಣುವನ್ನು ಒಳಗೆ ಬಿಡುವುದಿಲ್ಲ. ಆಗಲೇ ಒಳಹೊಕ್ಕ ರೋಗವನ್ನು ಅದು ಓಡಿಸಲಾರದು. ಆದುದರಿಂದ ಮೊದಲ ಮದ್ದು ಮುಂಗಾರು ಹಿಡಿಯುವ ಮುಂಚೆ, ಎಂದರೆ ರೋಹಿಣಿ ಮಳೆಯ ಹೊತ್ತಿಗೆ ಆಗಬೇಕು. ಎರಡನೆಯದು 40–45 ದಿನಗಳ ಅನಂತರ. ಈ 45 ದಿನಗಳನ್ನು ಪಂಚಾಂಗದಲ್ಲಿ ಎಣಿಸಿ ನೋಡಿ. ಜೂನ್ 1ರಂದು ಮೊದಲ ಮದ್ದಾದರೆ ಎರಡನೆಯದರ ಪಾಳಿ ಬರುವುದು ಜುಲೈ ಮಧ್ಯಕ್ಕೆ, ಪುನರ್ವಸು ಪುಷ್ಯ ಮಳೆಗಳ ನಡುವೆ! ಮದ್ದು ಅತ್ಯಗತ್ಯವಾಗುವ ದಿನಗಳೂ ಅದನ್ನು ಹೊಡೆಯಲು ಬಿಡುವೇ ಸಿಗದ ದಿನಗಳೂ ಒಂದೇ.

ಇಲ್ಲಿ ಒಂದು ಲೆಕ್ಕ ಹಾಕೋಣ. 9 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳಿರುತ್ತವೆ. ನಾಲ್ಕು ಎಕರೆಗೆ 2200. ಒಬ್ಬ ಕೊನೆಗಾರನು ದಿನಕ್ಕೆ 150 ಮರಗಳಿಗೆ ಮದ್ದು ಹೊಡೆಯುವನೆಂದು ಇಟ್ಟುಕೊಳ್ಳಿ. ಒಬ್ಬನಿಗೆ 15 ದಿನದ ಕೆಲಸ. ಜುಲೈಯಲ್ಲಿ ಮಳೆ ಐದು ದಿನ ಬಿಡುವು ಕೊಟ್ಟಿತೆನ್ನಿ. ಒಬ್ಬನಿದ್ದರೆ 750 ಮರ, ಇಬ್ಬರಿದ್ದರೆ 1500 ಮರ ಮುಗಿಯಿತು. ಉಳಿದ 700 ಮರಗಳು ದೇವರ ಮೇಲೆ ಭಾರ. ಮೂವರಿದ್ದರೆ ಮಾತ್ರ ತೋಟ ಪೂರೈಸುವುದು. ಆ ಐದು ದಿನಗಳಲ್ಲಿ ಊರಿನ ಎಲ್ಲ ತೋಟಗಳಿಗೂ ಅದೇ ಮೂವರು ಬೇಕು!

ಮೈಲುತುತ್ತದ ಚೀಲ ಉಗ್ರಾಣದಲ್ಲಿದ್ದರೆ ಸಾಲದು ಎಂಬುದು ಇದರಿಂದ ತಿಳಿಯುವುದು. ಬೋರ್ಡೋವನ್ನು ಮುಂಚಿತವಾಗಿ ಕಲಸಿಟ್ಟುಕೊಳ್ಳುವಂತೆಯೂ ಇಲ್ಲ. ಕಲಸಿದ ದಿನವೇ ಅದು ಮುಗಿಯಬೇಕು. ಮಧ್ಯಾಹ್ನ ಮಳೆ ಬಂದು ಉಳಿದದ್ದು ಮಾರನೆಯ ದಿನಕ್ಕೆ ಬಾರದು. ಹವಾಮಾನ ಇಲಾಖೆಯವರ ಮುನ್ಸೂಚನೆ ಈಗ ಮೊಬೈಲಿನಲ್ಲಿಯೇ ದೊರೆಯುತ್ತದೆ, ಅದರಿಂದ ಉಪಕಾರವೂ ಆಗಿದೆ. ಆದರೆ ಅದು ಜಿಲ್ಲೆಗೋ ತಾಲ್ಲೂಕಿಗೋ ಹೇಳಿದ ಮಾತು. ಗುಡ್ಡದ ಈಚೆಗೆ ಬಿಸಿಲು, ಆಚೆಗೆ ಜಡಿಮಳೆ ಇರುವ ನಮ್ಮ ಕಣಿವೆಗಳಿಗೆ ಅದನ್ನು ಹೊಂದಿಸಿಕೊಳ್ಳಬೇಕಾದವರು ನಾವೇ.

ಒಳಸೇರಿ ಕೆಲಸ ಮಾಡುವ ಹೊಸ ಔಷಧಗಳೂ ಬಂದಿವೆ. ತಜ್ಞರ ಸಲಹೆಯಂತೆ ಅವನ್ನು ಬಳಸಬಹುದು. ಅವೂ ಗೊನೆಗೆ ಮುಟ್ಟಿದಾಗಲೇ ಔಷಧ. ಸೀಸೆಯೊಳಗಿನಿಂದ ಅವು ಮರ ಹತ್ತಲಾರವು.

ದೋಟಿ, ಬೈಕು, ಡ್ರೋನು

ಹತ್ತುವವರ ಅಭಾವದಿಂದ ಹುಟ್ಟಿದ ಸಾಧನಗಳಲ್ಲಿ ಕಾರ್ಬನ್ ಫೈಬರ್ ದೋಟಿಗೆ ಮೊದಲ ಸ್ಥಾನ. ಹಗುರವೂ ಗಟ್ಟಿಯೂ ಆದ ಈ ಕೊಳವೆಗಳನ್ನು ಒಂದರೊಳಗಿನಿಂದ ಒಂದು ಎಳೆದು ಉದ್ದ ಮಾಡಿ, ನೆಲದ ಮೇಲೆ ನಿಂತೇ ಮದ್ದು ಹೊಡೆಯಬಹುದು, ಗೊನೆ ಕೊಯ್ಯಬಹುದು. ಪ್ರಾಣಭಯವಿಲ್ಲದೆ, ಅರವತ್ತು ದಾಟಿದ ಯಜಮಾನರೂ ತಮ್ಮ ನಾಲ್ಕಾರು ಮರ ತಾವೇ ನೋಡಿಕೊಳ್ಳುವಂತಾದದ್ದು ಸಣ್ಣ ಮಾತಲ್ಲ. ಆದರೆ ದೋಟಿ ಉದ್ದವಾದಷ್ಟೂ ತುದಿ ತೂಗುತ್ತದೆ. ಗಾಳಿ ಬಂದರೆ ಗುರಿ ತಪ್ಪುತ್ತದೆ. ದಿನವಿಡೀ ಮೇಲೆ ನೋಡಿದ ಕತ್ತಿಗೆ ರಾತ್ರಿ ನೋವು. ಗೊನೆಯ ಹಿಂಬದಿ ತೊಯ್ದಿತೋ ಇಲ್ಲವೋ ಕೆಳಗಿನಿಂದ ಕಾಣುವುದಿಲ್ಲ. ಮರದ ಸುತ್ತ ಎರಡು ಕಡೆ ನಿಂತು ಹೊಡೆದರೇ ಖಾತರಿ. ನಡುವೆ ಬಾಳೆ, ಕೋಕೋ, ಕಾಫಿ ಇದ್ದರೆ ದೋಟಿ ತಿರುಗಿಸಲು ಜಾಗವಿಲ್ಲ.

ಮುಖ್ಯವಾಗಿ ಒಂದು ಎಚ್ಚರಿಕೆ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಅಲ್ಯೂಮಿನಿಯಂ ದೋಟಿಯಷ್ಟೇ ಇದೂ ಅಪಾಯಕಾರಿ. ಲೋಹವಲ್ಲವೆಂಬ ಧೈರ್ಯದಿಂದ ವಿದ್ಯುತ್ ತಂತಿಯ ಹತ್ತಿರ ಎತ್ತಿದರೆ ಪ್ರಾಣಕ್ಕೇ ಕುತ್ತು. ತೋಟದ ಮೇಲೆ ತಂತಿ ಹಾದಿರುವ ಸಾಲುಗಳಲ್ಲಿ ದೋಟಿಯನ್ನು ಎತ್ತಲೇಬಾರದು.

ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ರಚಿಸಿದ ಮರ ಏರುವ ಬೈಕು 2019ರಲ್ಲಿ ದೇಶದ ಗಮನ ಸೆಳೆಯಿತು. ಎಂಜಿನಿನ ಬಲದಿಂದ, ಆಸನದ ಮೇಲೆ ಕುಳಿತವನನ್ನು ಅದು ಕ್ಷಣಾರ್ಧದಲ್ಲಿ ತುದಿಗೆ ಒಯ್ಯುತ್ತದೆ. ಒಬ್ಬ ಕೃಷಿಕನ ಬುದ್ಧಿಶಕ್ತಿಯ ಫಲವೆಂದು ನಾವೆಲ್ಲ ಹೆಮ್ಮೆಪಡಬೇಕಾದ ಯಂತ್ರವಿದು. ಆದರೂ ಕೊನೆಗಾರನು ಮೇಲಿನಿಂದ ಮೇಲೆಯೇ ದಾಟುವಂತೆ ಯಂತ್ರವು ದಾಟಲಾರದು. ಒಂದು ಮರ ಮುಗಿದ ಮೇಲೆ ಇಳಿದು, ಕಳಚಿ, ಬಸಿಗಾಲುವೆ ದಾಟಿಸಿ, ಇನ್ನೊಂದು ಮರಕ್ಕೆ ಕಟ್ಟಬೇಕು. ಕಾಳುಮೆಣಸಿನ ಬಳ್ಳಿ ಹಬ್ಬಿಸಿದ ಮರಕ್ಕೆ ಅದು ಆಗದು.

ಡ್ರೋನಿನ ವಿಷಯದಲ್ಲಿ ಬೆಳೆಗಾರರ ನಿರೀಕ್ಷೆ ಬಹಳ. ಎತ್ತರದ ಪ್ರಶ್ನೆಯನ್ನು ಅದು ಒಂದೇ ಏಟಿಗೆ ಬಿಡಿಸಿದಂತೆ ತೋರುತ್ತದೆ. ಆದರೆ ಮರದ ರಚನೆಯನ್ನು ನೆನೆಯಿರಿ. ಅಡಿಕೆಯ ಗೊನೆ ಇರುವುದು ಸೋಗೆಗಳ ಕೆಳಗೆ, ಹಾಳೆ ಕಳಚಿ ಬಿದ್ದ ಗಿಣ್ಣಿನಲ್ಲಿ. ಮೇಲಿನಿಂದ ಸುರಿದ ಮದ್ದು ಸೋಗೆಯ ಮೇಲೆ ನಿಲ್ಲುತ್ತದೆ, ಕೊಡೆಯ ಮೇಲೆ ಬಿದ್ದ ಮಳೆಯಂತೆ. ಎಲೆಚುಕ್ಕಿ ರೋಗಕ್ಕೆ ಸೋಗೆಯೇ ತೊಯ್ಯಬೇಕಾದುದರಿಂದ ಅಲ್ಲಿ ಡ್ರೋನಿಗೆ ಕೆಲಸ ಇರಬಹುದು. ಕೊಳೆರೋಗದಲ್ಲಿ ತೊಯ್ಯಬೇಕಾದದ್ದು ಗೊನೆ. ಇದಲ್ಲದೆ ಬ್ಯಾಟರಿ ಕೆಲವೇ ನಿಮಿಷಗಳದ್ದು, ಹೊರುವ ಮದ್ದು ಹತ್ತಾರು ಲೀಟರಿನದ್ದು, ಸುಣ್ಣದ ಗಸಿ ಇರುವ ಬೋರ್ಡೋ ಅದರ ಸಣ್ಣ ನಾಜಲಿನಲ್ಲಿ ಕಟ್ಟಿಕೊಳ್ಳುವಂಥದು.

ಕಾಫಿ ಗಿಡ ಹೇಳುವ ಪಾಠ

ಎತ್ತರವಿಲ್ಲದಿದ್ದರೆ ಎಲ್ಲವೂ ಸುಲಭವಾಗುತ್ತಿತ್ತೆ? ಕಾಫಿ ಬೆಳೆಗಾರರನ್ನು ಕೇಳಬೇಕು. ಕಾಫಿಗೂ ಒಂದು ಕೊಳೆರೋಗವಿದೆ, ಅದರ ರೋಗಾಣು ಬೇರೆ. ನಮ್ಮ ಕನ್ನಡದ ‘ಕೊಳೆರೋಗ’ ಎಂಬ ಮಾತು ಅದರ ಶಾಸ್ತ್ರೀಯ ಹೆಸರಿನಲ್ಲಿಯೇ ಸೇರಿಹೋಗಿದೆ. ಗಿಡ ಕೈಗೆ ಎಟುಕುವಂಥದಾದರೂ ಅಲ್ಲಿ ಮದ್ದು ಎಲೆಯ ಅಡಿಗೆ ಬೀಳಬೇಕು. ಗಿಡದ ನಡು ಬಿಡಿಸದೆ, ಚಿಗುರು ತೆಗೆಯದೆ, ನೆರಳು ಸರಿಪಡಿಸದೆ ಎಷ್ಟು ಹೊಡೆದರೂ ಒಳಗೆ ಹೋಗದು. ಕತ್ತರಿಯ ಕೆಲಸ ಮುಗಿದ ಮೇಲೆಯೇ ಪಂಪಿನ ಕೆಲಸ.

ಇನ್ನು ಅರೇಬಿಕಾದ ಬಿಳಿ ಕಾಂಡಕೊರಕವನ್ನು ನೋಡಿ. ಏಪ್ರಿಲ್–ಮೇ ತಿಂಗಳಲ್ಲಿ, ಪುನಃ ಅಕ್ಟೋಬರಿನಿಂದ ಡಿಸೆಂಬರಿನ ತನಕ ಹಾರುವ ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿ ಕಾಂಡದೊಳಗೆ ಹೊಕ್ಕು, ತಾನು ಕೊರೆದ ದಾರಿಯನ್ನು ಪುಡಿಯಿಂದ ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ನಮ್ಮ ಯಾವ ಸಿಂಪಡಣೆಯೂ ಮುಟ್ಟದು. ಗಿಡ ಸೊಂಟದೆತ್ತರವಿದ್ದರೂ ಮದ್ದಿಗೆ ಅದು ಅರವತ್ತಡಿ ಅಡಿಕೆಗಿಂತ ದೂರ. ಆದುದರಿಂದಲೇ ಅಲ್ಲಿ ಕೆಲಸವೆಲ್ಲ ಹುಳು ಒಳಹೋಗುವ ಮುಂಚಿನದು: ನೆರಳು ಕಾಪಾಡುವುದು, ಸಡಿಲ ತೊಗಟೆ ಉಜ್ಜಿ ತೆಗೆಯುವುದು, ಹಾರಾಟದ ಕಾಲದಲ್ಲಿ ಶೇಕಡ 10ರ ಸುಣ್ಣದ ನೀರನ್ನು ಕಾಂಡಕ್ಕೆ ಹೊಡೆಯುವುದು, ಹಿಡಿದ ಗಿಡವನ್ನು ಗುರುತಿಸಿ ಕಿತ್ತು ಸುಡುವುದು. ಕಾಫಿ ಬೆಳೆಗಾರರು ತಮ್ಮ ಮದ್ದಿನ ಎಲ್ಲೆಯನ್ನು ಒಪ್ಪಿಕೊಂಡು, ಕೆಲಸವನ್ನು ಆ ಎಲ್ಲೆಯ ಈಚೆಗೆ ತಂದುಕೊಂಡಿದ್ದಾರೆ. ಅಡಿಕೆಯವರು ಕಲಿಯಬೇಕಾದದ್ದು ಇದನ್ನು.

ಮರವೇ ಗಿಡ್ಡವಾದರೆ?

ಸಾಧನವನ್ನು ಮರದೆತ್ತರಕ್ಕೆ ಏರಿಸುವ ಬದಲು ಮರವನ್ನೇ ಸಾಧನದ ಮಟ್ಟಕ್ಕೆ ಇಳಿಸುವ ಯತ್ನವೂ ನಡೆದಿದೆ. ವಿಟ್ಲದ ಸಂಶೋಧನಾ ಕೇಂದ್ರದಿಂದ 1972ರಲ್ಲಿ ಬಂದ ಮಂಗಳ ತಳಿ ಸ್ಥಳೀಯ ತಳಿಗಿಂತ ಎತ್ತರದಲ್ಲಿ ಕಡಿಮೆಯದು. ಅನಂತರ ಹಿರೇಹಳ್ಳಿ ಗಿಡ್ಡ ತಳಿಯನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಡನೆ ಕೂಡಿಸಿ ಎರಡು ಗಿಡ್ಡ ಸಂಕರಗಳನ್ನು ಅಲ್ಲಿಯೇ ಹೊರತಂದರು. ಹೊಸ ತೋಟ ಮಾಡುವವರು ಇವನ್ನು ಅವಶ್ಯವಾಗಿ ಪರಿಶೀಲಿಸಬೇಕು. ಇದಕ್ಕೂ ಮಿತಿಯುಂಟು. ಸಂಕರದ ಬೀಜ ಉರುಳಿಸಿ ಸಸಿ ಮಾಡಿದರೆ ಅದೇ ಗುಣ ಬಾರದು, ಆದುದರಿಂದ ನಂಬಿಕೆಯ ಮೂಲದಿಂದಲೇ ಸಸಿ ತರಬೇಕು. ನೆಟ್ಟದ್ದು ಫಲ ಕೊಡಲು ಐದಾರು ವರ್ಷ ಬೇಕು. ಅಜ್ಜ ನೆಟ್ಟ ಮರಗಳು ಅಷ್ಟರವರೆಗೆ ಅಷ್ಟೇ ಎತ್ತರದಲ್ಲಿ ನಿಂತು ಪ್ರತಿ ಆಷಾಢದಲ್ಲಿ ಮದ್ದು ಕೇಳುತ್ತಲೇ ಇರುತ್ತವೆ.

ನಾವು ಮಾಡಬಹುದಾದದ್ದು

ಎಲ್ಲ ಮರಕ್ಕೂ ಎಲ್ಲ ಕಾಲಕ್ಕೂ ಆಗುವ ಒಂದು ಯಂತ್ರ ಬರಲೆಂದು ಕಾಯುತ್ತ ಕುಳಿತರೆ ಮಳೆ ಕಾಯುವುದಿಲ್ಲ. ಇರುವ ಸಾಧನಗಳ ನಡುವೆ ತೋಟವನ್ನು ಹಂಚಿಕೊಳ್ಳುವುದು ಜಾಣತನ.

ಮೊದಲನೆಯದಾಗಿ, ಬೇಸಿಗೆಯಲ್ಲಿಯೇ ಮರಗಳನ್ನು ಎತ್ತರದಂತೆ ವಿಂಗಡಿಸಿ ಸುಣ್ಣದಿಂದಲೋ ಬಣ್ಣದಿಂದಲೋ ಗುರುತು ಹಾಕಿರಿ. ದೋಟಿಗೆ ಎಟುಕುವ ಮರಗಳಿಗೆ ಕೊನೆಗಾರನ ಒಂದು ಗಳಿಗೆಯನ್ನೂ ವ್ಯಯ ಮಾಡಬಾರದು. ಅವನು ಬೇಕಾದದ್ದು ಬೇರೆ ದಾರಿಯೇ ಇಲ್ಲದ ಎತ್ತರದ ಮರಗಳಿಗೆ.

ಎರಡನೆಯದಾಗಿ, ಮೇಲೆ ಕೊಟ್ಟ ಲೆಕ್ಕವನ್ನು ನಿಮ್ಮ ತೋಟಕ್ಕೆ ನೀವೇ ಹಾಕಿರಿ. ಮರಗಳೆಷ್ಟು, ದಿನಕ್ಕೆ ಮುಗಿಯುವುದೆಷ್ಟು, ಐದು ದಿನದ ಬಿಡುವಿನಲ್ಲಿ ಉಳಿಯುವುದೆಷ್ಟು? ಆ ಉಳಿಕೆಯೇ ನಿಮ್ಮ ಗಂಡಾಂತರದ ಅಳತೆ. ಹಿಂದಿನ ವರ್ಷ ಕೊಳೆ ಮೊದಲು ಕಂಡ ತಗ್ಗಿನ, ಗಾಳಿಯಾಡದ ಭಾಗಕ್ಕೆ ಮೊದಲ ಪಾಳಿ ಕೊಡಿರಿ.

ಮೂರನೆಯದಾಗಿ, ಹತ್ತದೆಯೇ ಆಗುವ ಕೆಲಸಗಳನ್ನು ಬಿಡಬೇಡಿ. ಬಸಿಗಾಲುವೆ ಬಿಡಿಸುವುದು, ಬಿದ್ದ ಕೊಳೆಗಾಯಿಗಳನ್ನು ಆರಿಸಿ ನಾಶಪಡಿಸುವುದು, ಕಾಡುಕಂಟಿ ಸವರಿ ಗಾಳಿ ಬೆಳಕು ಬಿಡುವುದು ಇವಕ್ಕೆಲ್ಲ ಎತ್ತರದ ಅಡ್ಡಿಯಿಲ್ಲ.

ನಾಲ್ಕನೆಯದಾಗಿ, ಬಿಡುವು ಸಿಕ್ಕ ದಿನ ಮದ್ದು ಕೆಡಬಾರದು. 1 ಕೆ.ಜಿ. ಮೈಲುತುತ್ತವನ್ನು 50 ಲೀಟರು ನೀರಿನಲ್ಲಿ, 1 ಕೆ.ಜಿ. ಒಳ್ಳೆಯ ಸುಣ್ಣವನ್ನು ಇನ್ನು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು.

ಕಡೆಯ ಮಾತು ಸಂಘಗಳಿಗೆ ಸೇರಿದ್ದು. ಮೈಲುತುತ್ತವನ್ನು ರಿಯಾಯಿತಿ ದರದಲ್ಲಿ ಹಂಚುವುದರಿಂದ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯಲಾಗದು. ಊರಿನಲ್ಲಿ ಎಷ್ಟು ಜನ ಕೊನೆಗಾರರಿದ್ದಾರೆ, ಎಷ್ಟು ದೋಟಿಗಳಿವೆ, ಯಾವ ಕಣಿವೆಯ ತೋಟಗಳಿಗೆ ಯಾವ ದಿನ ಪಾಳಿ ಎಂಬ ಒಂದು ಪಟ್ಟಿ ಮೇ ತಿಂಗಳೊಳಗೆ ತಯಾರಾಗಬೇಕು. ರೋಗಾಣು ಗಾಳಿ ಮಳೆಯೊಡನೆ ಬೇಲಿ ದಾಟುವುದರಿಂದ ನೆರೆಯವನ ಮದ್ದಿಲ್ಲದ ಮರ ನಮ್ಮ ಮರಕ್ಕೂ ಮೃತ್ಯುವೇ. ಹತ್ತುವವನ ಹೆಸರಿನಲ್ಲಿ ಅಪಘಾತ ವಿಮೆ ಮಾಡಿಸಿ, ಅದರ ಕಂತನ್ನು ತೋಟದ ಖರ್ಚಿನಲ್ಲಿ ಮೈಲುತುತ್ತದ ಪಕ್ಕದಲ್ಲಿಯೇ ಬರೆಯಬೇಕು. ಎಟುಕದ ದ್ರಾಕ್ಷಿಯನ್ನು ಹುಳಿಯೆಂದು ಬಿಟ್ಟು ಹೋದ ನರಿಗೆ ನಷ್ಟವೇನೂ ಇರಲಿಲ್ಲ. ಎಟುಕದ ಗೊನೆಯನ್ನು ಬಿಟ್ಟು ಹೋಗುವ ಸ್ಥಿತಿ ನಮ್ಮದಲ್ಲ, ವರ್ಷದ ಅನ್ನ ಅದರಲ್ಲಿದೆ.